ಗಾಳಿಯ ಮೋರೆಗೆ ಹತ್ತಿರ

ಗಾಳಿಯನ್ನು ಕುರಿತ ಮಾತುಗಳು ನಮ್ಮಲ್ಲಿ ಕಡಮೆಯೇನಲ್ಲ. ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತೇವೆ. ‘ಗಾಳಿ ಗುದ್ದಿ ಮೈ ನೋಯಿಸಿಕೊಂಡ’ ಎಂದು ನಗುತ್ತೇವೆ. ಮೊದಲನೆಯದು ಕಣದಲ್ಲಿ ಹುಟ್ಟಿದ ಮಾತು. ರೈತನು ಮೊರವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಗಾಳಿಗಾಗಿ ಕಾಯುತ್ತಾನೆ. ಬಂದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಬಾರದಿದ್ದರೆ ಮೊರವನ್ನು ಕೆಳಗಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. ಗಾಳಿ ಎಲ್ಲಿಂದ ಬೀಸುತ್ತದೆಯೋ ಆ ಕಡೆಗೆ ಹೋಗಬೇಕೆಂಬ ಹಟ ಅವನಿಗಿಲ್ಲ. ಎರಡನೆಯ ಮಾತಂತೂ ಗಾಳಿಯೊಡನೆ ಸೆಣಸುವವನನ್ನು ಮೂರ್ಖನೆಂದೇ ತೀರ್ಮಾನಿಸಿಬಿಟ್ಟಿದೆ.

ಆದರೆ ಹಾಯಿಹಡಗಿನ ನಾವಿಕನಿಗೆ ಹೀಗೆ ಕಾದು ಕುಳಿತರೆ ನಡೆಯುವುದಿಲ್ಲ. ಅವನು ಸೇರಬೇಕಾದ ಊರು ಅನೇಕ ವೇಳೆ ಗಾಳಿ ಬರುವ ದಿಕ್ಕಿನಲ್ಲೇ ಇರುತ್ತದೆ. ಹಡಗಿನಲ್ಲಿರುವ ಕುಡಿಯುವ ನೀರಿಗೆ ಲೆಕ್ಕವುಂಟು, ಅಕ್ಕಿ ರೊಟ್ಟಿಗಳಿಗೆ ಲೆಕ್ಕವುಂಟು. ಆದ್ದರಿಂದ ಗಾಳಿಯೊಡನೆ ಸೆಣಸುವುದನ್ನೇ ಅವನು ಒಂದು ವಿದ್ಯೆಯಾಗಿ ಬೆಳೆಸಿದ. ಆ ವಿದ್ಯೆಯಿಂದ ಇಂಗ್ಲಿಷಿಗೆ ಬಂದ ನುಡಿಗಟ್ಟೇ ‘ಸೇಲಿಂಗ್ ಕ್ಲೋಸ್ ಟು ದ ವಿಂಡ್’ ಎಂಬುದು. ಗಾಳಿಯ ಮೋರೆಗೆ ಆದಷ್ಟೂ ಹತ್ತಿರವಾಗಿ ಹಡಗು ನಡೆಸುವುದು ಎಂದು ಅದರ ಅರ್ಥ.

ಇಂಗ್ಲಿಷ್ ಪತ್ರಿಕೆಗಳನ್ನು ಓದುವವರು, ಬಾನುಲಿಯಲ್ಲಿ ಇಂಗ್ಲಿಷ್ ಭಾಷಣಗಳನ್ನು ಕೇಳುವವರು ಈ ಮಾತನ್ನು ಒಂದಲ್ಲ ಒಂದು ಸಲ ಎದುರುಗೊಂಡೇ ಇರುತ್ತಾರೆ. ಒಬ್ಬ ವರ್ತಕನಿದ್ದಾನೆ ಎನ್ನಿ. ಅವನು ಕಾನೂನನ್ನು ಮುರಿದನೆಂದು ಹೇಳಲು ಆಧಾರವಿಲ್ಲ. ಮುರಿಯಲಿಲ್ಲವೆಂದು ನಂಬಲು ಮನಸ್ಸು ಬಾರದು. ತೆರಿಗೆಯ ಕಾಯಿದೆಯ ಪ್ರತಿಯೊಂದು ಸಂದಿಯೂ ಅವನಿಗೆ ಗೊತ್ತು. ಇಂಥವನನ್ನು ಕುರಿತು ಇಂಗ್ಲಿಷಿನಲ್ಲಿ ಈ ಮಾತನ್ನು ಬಳಸುತ್ತಾರೆ. ಮಾನನಷ್ಟದ ಮೊಕದ್ದಮೆಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತು ಬರೆಯುವ ಪತ್ರಕರ್ತನಿಗೂ, ಸಭ್ಯತೆಯ ಗೆರೆಯ ಅಂಚಿನಲ್ಲೇ ನಗೆಮಾತು ಹೇಳುವ ವಿನೋದಗಾರನಿಗೂ ಅದೇ ಮಾತು ಸಲ್ಲುತ್ತದೆ. ಅಪಾಯದ ಅಂಚಿನಲ್ಲಿ ನಡೆಯುತ್ತಿದ್ದಾನೆ, ಇನ್ನೂ ಬಿದ್ದಿಲ್ಲ ಎಂಬುದು ತಾತ್ಪರ್ಯ. ಈ ಮಾತಿನಲ್ಲಿ ಮೆಚ್ಚಿಗೆಗಿಂತ ಶಂಕೆಯೇ ಹೆಚ್ಚು.

ಸಮುದ್ರದ ಮೇಲೆ ಇದರ ಅರ್ಥ ಇಷ್ಟೇ ಆಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಹಾಯಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ನೋಡಬೇಕು.

ಗಾಳಿ ಹಿಂದಿನಿಂದ ಹಾಯಿಯನ್ನು ತಳ್ಳುತ್ತದೆ, ಹಡಗು ಮುಂದಕ್ಕೆ ಹೋಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಒಂದೇ ಗಾಳಿಯಲ್ಲಿ ಒಂದು ದೋಣಿ ಬಡಗಣಕ್ಕೂ ಇನ್ನೊಂದು ತೆಂಕಣಕ್ಕೂ ಹೋಗುವುದನ್ನು ಕಡಲತೀರದಲ್ಲಿ ನಿಂತು ನೋಡಿದವರಿಗೆ ಇದು ಒಗಟಾಗಿ ಕಾಣುತ್ತದೆ. ಒಂದು ನಿಂಬೆಯ ಬೀಜವನ್ನು ಎರಡು ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಿ. ನೀವು ಒತ್ತುವುದು ಎರಡು ಪಕ್ಕಗಳಿಂದ. ಬೀಜ ಜಾರಿ ಹಾರುವುದು ಮುಂದಕ್ಕೆ. ಹಾಯಿದೋಣಿಯೂ ಹೆಚ್ಚುಕಡಮೆ ಹೀಗೆಯೇ. ಓರೆಯಾಗಿ ಹಿಡಿದ ಹಾಯಿಯ ಮೇಲೆ ಗಾಳಿ ಹರಿದಾಗ ಅದು ದೋಣಿಯನ್ನು ಪಕ್ಕಕ್ಕೂ ಸ್ವಲ್ಪ ಮುಂದಕ್ಕೂ ಎಳೆಯುತ್ತದೆ. ದೋಣಿಯ ತಳದಲ್ಲಿ ನಡುವೆ ಉದ್ದಕ್ಕೂ ಇಳಿದಿರುವ ಮರವು ನೀರನ್ನು ಒತ್ತಿ ಹಿಡಿದು ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು. ನಡುವೆ ಸಿಕ್ಕಿದ ದೋಣಿ ಮುಂದಕ್ಕೆ ಜಾರುತ್ತದೆ. ಮಕ್ಕಳ ಗಾಳಿಪಟವನ್ನೇ ನೋಡಿ. ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಆದರೆ ದಾರ ಹಿಡಿದು ನಿಲ್ಲಿಸಿರುವುದರಿಂದ ಅದು ಮೇಲೇರುತ್ತದೆ. ದಾರ ಕಡಿದರೆ ಗಾಳಿಯ ಪಾಲು.

ಇದಕ್ಕೊಂದು ಮಿತಿಯುಂಟು. ನೇರವಾಗಿ ಗಾಳಿಯ ಎದುರಿಗೆ ಯಾವ ಹಾಯಿಯೂ ಹೋಗಲಾರದು. ಎಷ್ಟು ಹತ್ತಿರ ಹೋಗಬಹುದೆಂಬುದು ಹಾಯಿಯ ಜಾತಿಯನ್ನು ಅವಲಂಬಿಸಿದೆ. ಹಳೆಯ ನಾವಿಕರು ದಿಕ್ಸೂಚಿಯ ಸುತ್ತನ್ನು 32 ಭಾಗಗಳನ್ನಾಗಿ ಮಾಡಿ, ಒಂದೊಂದು ಭಾಗವನ್ನು ಒಂದು ‘ಪಾಯಿಂಟ್’ ಎಂದು ಕರೆಯುತ್ತಿದ್ದರು. ಒಂದು ಪಾಯಿಂಟ್ ಎಂದರೆ 11¼ ಡಿಗ್ರಿ. ಅಡ್ಡಮರಗಳಿಗೆ ಚೌಕದ ಹಾಯಿಗಳನ್ನು ಕಟ್ಟಿದ ದೊಡ್ಡ ಯುದ್ಧನೌಕೆಗಳೂ ವ್ಯಾಪಾರದ ಹಡಗುಗಳೂ ಗಾಳಿಗೆ ಸುಮಾರು 6 ಪಾಯಿಂಟ್, ಅಂದರೆ 67½ ಡಿಗ್ರಿಗಿಂತ ಹತ್ತಿರ ಹೋಗುವುದು ಕಷ್ಟವಾಗಿತ್ತು. ಉದ್ದುದ್ದಕ್ಕೆ ಹಾಯಿ ಕಟ್ಟಿದ ಸಣ್ಣ ನೌಕೆಗಳು ಇನ್ನೂ ಒಂದೆರಡು ಪಾಯಿಂಟ್ ಹತ್ತಿರ ಹೋಗಬಲ್ಲವು. ಇಂದಿನ ಪಂದ್ಯದ ಹಾಯಿದೋಣಿಗಳಲ್ಲಿ ಅನೇಕವು 45 ಡಿಗ್ರಿಗೂ ಒಳಗೆ ನುಗ್ಗುತ್ತವೆ.

ನೇರವಾಗಿ ಹೋಗಲಾಗದಿದ್ದ ಮೇಲೆ ಓರೆಯಾಗಿ ಹೋಗಬೇಕು. ಒಂದಿಷ್ಟು ದೂರ ಎಡಕ್ಕೆ ಓರೆ, ಮತ್ತೆ ಒಂದಿಷ್ಟು ದೂರ ಬಲಕ್ಕೆ ಓರೆ. ಕಡಿದಾದ ಘಟ್ಟವನ್ನು ಹತ್ತುವ ರಸ್ತೆ ಅತ್ತಿತ್ತ ತಿರುಗಿ ಹತ್ತುವಂತೆ. ಇಲ್ಲಿ ಒಂದು ಪಾಯಿಂಟಿನ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಗಾಳಿ ಬರುವ ದಿಕ್ಕಿನಲ್ಲಿ 10 ಮೈಲಿ ದೂರದಲ್ಲಿ ರೇವು ಇದೆ ಎನ್ನೋಣ. 45 ಡಿಗ್ರಿಯಲ್ಲಿ ಹೋಗಬಲ್ಲ ದೋಣಿ ಅದನ್ನು ಸೇರಲು ಸುಮಾರು 14 ಮೈಲಿ ನಡೆಯಬೇಕು. 67½ ಡಿಗ್ರಿಯ ಹಡಗು ಸುಮಾರು 26 ಮೈಲಿ ನಡೆಯಬೇಕು. ಆ ಹಡಗು ಪಕ್ಕಕ್ಕೆ ಜಾರುವುದರಿಂದ ಇನ್ನೊಂದೇ ಒಂದು ಪಾಯಿಂಟ್ ಕೈತಪ್ಪಿತೆಂದರೆ ಆ 26 ಮೈಲಿ 51 ಮೈಲಿಯಾಗುತ್ತದೆ. ಒಂದು ಪಾಯಿಂಟಿಗೆ ದಾರಿಯೇ ಇಮ್ಮಡಿ! ನಾವಿಕನು ಗಾಳಿಯ ಮೋರೆಗೆ ಒತ್ತಿ ಒತ್ತಿ ಹೋಗಲು ಏಕೆ ಹಾತೊರೆಯುತ್ತಿದ್ದನೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಎಷ್ಟೋ ಸಲ ಅದು ದೂರದ ಪ್ರಶ್ನೆಯೂ ಅಲ್ಲ, ಪ್ರಾಣದ ಪ್ರಶ್ನೆ. ಗಾಳಿ ಸಮುದ್ರದಿಂದ ನೆಲದ ಕಡೆಗೆ ಬಿರುಸಾಗಿ ಬೀಸುತ್ತಿದೆ. ಹಡಗು ಬಂಡೆಗಳಿರುವ ತೀರಕ್ಕೆ ಸಮೀಪದಲ್ಲಿದೆ. ಸುಮ್ಮನಿದ್ದರೆ ಗಾಳಿ ಅದನ್ನು ಬಂಡೆಗೆ ಬಡಿಯುತ್ತದೆ. ಲಂಗರು ಹಿಡಿದರೆ ಪುಣ್ಯ. ಹಿಡಿಯದಿದ್ದರೆ ಉಳಿದಿರುವ ದಾರಿ ಒಂದೇ: ಗಾಳಿಗೆ ಆದಷ್ಟೂ ಹತ್ತಿರವಾಗಿ ಹಾಯಿ ಬಿಗಿದು, ಗೇಣುಗೇಣಾಗಿ ಕಡಲ ಕಡೆಗೆ ತೆವಳುವುದು. ಯುದ್ಧದಲ್ಲಿಯೂ ಅಷ್ಟೆ. ಗಾಳಿ ಬರುವ ಕಡೆಯನ್ನು ಹಿಡಿದ ಪಡೆಗೆ ಯಾವಾಗ ಮೇಲೆ ಬೀಳಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ದೊರೆಯುತ್ತಿತ್ತು. ಹೀಗೆ ಗಾಳಿಗೆ ಹತ್ತಿರ ಹಡಗು ನಡೆಸಬಲ್ಲವನು ಶಂಕೆಗೆ ಗುರಿಯಾದವನಲ್ಲ, ಮೆಚ್ಚಿಗೆಗೆ ಪಾತ್ರನಾದವನು.

ಅಪಾಯವೆಲ್ಲಿ ಬಂತು ಹಾಗಾದರೆ? ಮಿತಿಯನ್ನು ಮೀರಿದಾಗ ಬಂತು. ಚುಕ್ಕಾಣಿ ಹಿಡಿದವನು ಸ್ವಲ್ಪ ಹೆಚ್ಚಾಗಿ ಗಾಳಿಯ ಕಡೆಗೆ ತಿರುಗಿಸಿದರೆ ಹಾಯಿಯ ಮುಂದಿನ ಅಂಚು ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ಇದು ಎಚ್ಚರಿಕೆ. ಇನ್ನೂ ತಿರುಗಿಸಿದರೆ ಹಾಯಿಯ ಬಲ ಸೋರಿಹೋಗಿ ಹಡಗು ನಿಲ್ಲುತ್ತದೆ. ನಿಂತ ಹಡಗಿಗೆ ಚುಕ್ಕಾಣಿಯೂ ಕೆಲಸಕ್ಕೆ ಬಾರದು. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ಹರಿದರೆ ಮಾತ್ರ. ಇಂಥ ಸ್ಥಿತಿಯನ್ನು ಇಂಗ್ಲಿಷ್ ನಾವಿಕರು ಹಡಗಿಗೆ ‘ಬೇಡಿ ಬಿತ್ತು’ ಎಂಬರ್ಥದ ಮಾತಿನಿಂದ ಹೇಳುತ್ತಾರೆ. ಚೌಕದ ಹಾಯಿಯ ಹಡಗಿಗೆ ಇದಕ್ಕಿಂತಲೂ ಘೋರವಾದ ಗತಿ ಬರಬಹುದಾಗಿತ್ತು. ಗಾಳಿ ಹಾಯಿಯ ಮುಂಭಾಗಕ್ಕೇ ಹೊಡೆದು ಅದನ್ನು ಕಂಬಕ್ಕೆ ಅಪ್ಪಳಿಸಿ ಒತ್ತುತ್ತದೆ. ಕಂಬಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಬಹುಮಟ್ಟಿಗೆ ಹಿಂದಿನಿಂದ ಬರುವ ಒತ್ತಡವನ್ನು ತಾಳುವಂತೆ ಕಟ್ಟಿದವು. ಮುಂದಿನಿಂದ ಬಿದ್ದ ಏಟಿಗೆ ಕಂಬಗಳೇ ಮುರಿದು ಬೀಳಬಹುದು. ಇದಕ್ಕೆ ‘ಟೇಕನ್ ಅಬ್ಯಾಕ್’ ಎಂದು ಹೆಸರು. ಅನಿರೀಕ್ಷಿತವಾದುದನ್ನು ಕೇಳಿ ದಿಗ್ಭ್ರಮೆಗೊಂಡವನನ್ನು ಇಂಗ್ಲಿಷರು ಈಗಲೂ ಇದೇ ಮಾತಿನಿಂದ ವರ್ಣಿಸುತ್ತಾರೆ. ಮಾತನಾಡುವವರಿಗೆ ಮುರಿದ ಕಂಬದ ನೆನಪಿರುವುದಿಲ್ಲ.

ಇಲ್ಲಿ ಒಂದು ಮುಖ್ಯವಾದ ವಿಷಯವನ್ನು ಗಮನಿಸಬೇಕು. ಚುಕ್ಕಾಣಿಯವನು ತಪ್ಪದಿದ್ದರೂ ಈ ಅನಾಹುತ ಸಂಭವಿಸಬಹುದು. ಏಕೆಂದರೆ ಗಾಳಿಯೇ ದಿಕ್ಕನ್ನು ಬದಲಾಯಿಸಬಹುದು. 1782ರ ಸೆಪ್ಟೆಂಬರಿನಲ್ಲಿ ಅಡ್ಮಿರಲ್ ಗ್ರೇವ್ಸ್‌ನ ಮುಂದಾಳುತನದಲ್ಲಿ ಜಮೈಕಾದಿಂದ ಇಂಗ್ಲೆಂಡಿಗೆ ಹೊರಟಿದ್ದ ದೊಡ್ಡ ನೌಕಾಸಮೂಹವೊಂದು ಅಟ್ಲಾಂಟಿಕ್ ಸಾಗರದಲ್ಲಿ ಚಂಡಮಾರುತಕ್ಕೆ ಸಿಕ್ಕಿತು. ಅಡ್ಮಿರಲನಿದ್ದ ‘ರಾಮಿಲೀಸ್’ 74 ಫಿರಂಗಿಗಳ ಯುದ್ಧನೌಕೆ. ಪೂರ್ವದ ಕಡೆಯಿಂದ ಬೀಸುತ್ತಿದ್ದ ಬಿರುಗಾಳಿ ನಡುರಾತ್ರಿ ಕಳೆದ ಮೇಲೆ ಒಮ್ಮೆಲೇ ಹೆಚ್ಚುಕಡಮೆ ಎದುರು ದಿಕ್ಕಿಗೆ ತಿರುಗಿ ಹಾಯಿಯ ಮುಂಭಾಗಕ್ಕೆ ಹೊಡೆಯಿತು. ಹಡಗಿನ ನಡುಗಂಬ ಉರುಳಿತು, ಮಿಕ್ಕ ಕಂಬಗಳೂ ಮುರಿದವು. ಕೆಲವು ದಿನ ನೀರು ತೋಡಿ ತೋಡಿ ಹಡಗನ್ನು ಉಳಿಸಲು ಹೆಣಗಿದ ಜನರನ್ನು ಕೊನೆಗೆ ಜೊತೆಯ ವ್ಯಾಪಾರದ ಹಡಗುಗಳಿಗೆ ಸಾಗಿಸಿ, ‘ರಾಮಿಲೀಸ್’ಗೆ ಬೆಂಕಿಯಿಟ್ಟು ಬಿಡಬೇಕಾಯಿತು. ಆ ಬಿರುಗಾಳಿಯಲ್ಲಿ ಸಮೂಹದ ಇತರ ದೊಡ್ಡ ನೌಕೆಗಳೂ ಮುಳುಗಿ ಸಾವಿರಾರು ಜನ ಸತ್ತರು. ಕಡಲು ಬಲ್ಲವರ ಕೈಯಲ್ಲಿದ್ದ ಹಡಗಿಗೇ ಗಾಳಿಯ ತಿರುವು ಇಷ್ಟು ಮಾಡಬಲ್ಲುದಾದರೆ, ಮಿತಿಯ ಅಂಚಿಗೇ ಒತ್ತಿಕೊಂಡು ಹೋಗುವವನಿಗೆ ಎಷ್ಟು ಸಣ್ಣ ತಿರುವು ಸಾಕೆಂಬುದನ್ನು ಊಹಿಸಿಕೊಳ್ಳಬಹುದು.

ಅನುಭವಿಗಳಾದ ನಾಯಕರು ಇದನ್ನು ಬಲ್ಲವರಾಗಿದ್ದರು. ಅವರು ಚುಕ್ಕಾಣಿಯವನಿಗೆ ಕೊಡುತ್ತಿದ್ದ ಅಪ್ಪಣೆ ‘ಆದಷ್ಟೂ ಹತ್ತಿರ’ ಎಂದಲ್ಲ. ‘ಫುಲ್ ಅಂಡ್ ಬೈ’ ಎಂದು. ಹಾಯಿ ತುಂಬಿರಲಿ, ತುಂಬಿರುವಷ್ಟಕ್ಕೆ ಮಾತ್ರ ಗಾಳಿಗೆ ಹತ್ತಿರವಿರಲಿ ಎಂದು ಅದರ ಭಾವ. ಈ ಅಪ್ಪಣೆಯ ಹಿಂದೆ ಅಂಜಿಕೆ ಮಾತ್ರವೇ ಇರಲಿಲ್ಲ, ಲೆಕ್ಕಾಚಾರವೂ ಇತ್ತು. ಗಾಳಿಗೆ ಅತಿ ಹತ್ತಿರ ಹಿಂಡಿದರೆ ಹಡಗಿನ ವೇಗ ಕುಗ್ಗುತ್ತದೆ. ವೇಗ ಕುಗ್ಗಿದರೆ ತಳದ ಮರಕ್ಕೆ ನೀರಿನ ಹಿಡಿತ ಸಡಿಲವಾಗಿ ಹಡಗು ಪಕ್ಕಕ್ಕೆ ಹೆಚ್ಚಾಗಿ ಜಾರುತ್ತದೆ. ಮೂತಿ ಗಾಳಿಯ ಕಡೆಗೇ ಇದೆ, ನೋಡುವವರಿಗೆ ಬಹಳ ಹತ್ತಿರ ಹೋಗುತ್ತಿರುವಂತೆ ಕಾಣುತ್ತದೆ. ಆದರೆ ಸಂಜೆ ನಕ್ಷೆಯ ಮೇಲೆ ಗುರುತು ಹಾಕಿದಾಗ, ಸ್ವಲ್ಪ ಸಡಿಲ ಬಿಟ್ಟು ನಡೆಸಿದ ಪಕ್ಕದ ಹಡಗೇ ಮುಂದೆ ಹೋಗಿರುತ್ತದೆ. ಅಂಚಿನಲ್ಲಿ ನಡೆದವನಿಗೆ ಅಪಾಯವೂ ಹೆಚ್ಚು, ಫಲವೂ ಕಡಮೆ.

ಇನ್ನು ಕೆಲವು ಸಲ ಎಷ್ಟು ಕುಶಲತೆಯಿದ್ದರೂ ಗಾಳಿ ದಾರಿ ಬಿಡುವುದಿಲ್ಲ. ಕ್ಯಾಪ್ಟನ್ ಬ್ಲೈ ಎಂಬವನ ‘ಬೌಂಟಿ’ ಹಡಗಿನ ಹೆಸರನ್ನು ಅದರ ದಂಗೆಯ ಕತೆಯಿಂದಾಗಿ ಅನೇಕರು ಕೇಳಿರುತ್ತಾರೆ. ದಂಗೆಗೆ ಒಂದು ವರ್ಷ ಮೊದಲು ನಡೆದ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ತಹಿತಿ ದ್ವೀಪದಿಂದ ಹಲಸಿನ ಜಾತಿಯ ಸೀಮೆಹಲಸಿನ ಗಿಡಗಳನ್ನು ತರಲೆಂದು ಅವನು 1787ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ. ದಕ್ಷಿಣ ಅಮೆರಿಕದ ತುದಿಯಾದ ಹಾರ್ನ್ ಭೂಶಿರವನ್ನು ಪೂರ್ವದಿಂದ ಪಶ್ಚಿಮಕ್ಕೆ ಬಳಸಿಹೋಗುವುದು ಉದ್ದೇಶ. ಅಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ. ಮಂಜು, ಆಲಿಕಲ್ಲು, ಬೆಟ್ಟದಂಥ ಅಲೆಗಳ ನಡುವೆ ಸುಮಾರು ಒಂದು ತಿಂಗಳು ಎಡಕ್ಕೆ ಬಲಕ್ಕೆ ಓರೆ ಹೊಡೆದು ಹೆಣಗಿದರೂ ಹಡಗು ಮುಂದೆ ಸಾಗಲಿಲ್ಲ. 1788ರ ಏಪ್ರಿಲಿನಲ್ಲಿ ಬ್ಲೈ ಹಡಗನ್ನು ತಿರುಗಿಸಿದ. ಯಾವ ಗಾಳಿ ಅವನನ್ನು ತಡೆದಿತ್ತೋ ಅದನ್ನೇ ಬೆನ್ನಿಗೆ ಕೊಟ್ಟುಕೊಂಡು, ಆಫ್ರಿಕದ ಗುಡ್‌ಹೋಪ್ ಭೂಶಿರದ ಮಾರ್ಗವಾಗಿ, ಭೂಮಿಯ ಇನ್ನೊಂದು ಸುತ್ತಿನಿಂದ ಅಕ್ಟೋಬರಿನಲ್ಲಿ ತಹಿತಿಯನ್ನು ಸೇರಿದ. ಅವನ ಸ್ವಭಾವದ ವಿಷಯದಲ್ಲಿ ಜನ ಏನೇ ಹೇಳಲಿ, ಆ ದಿನ ಅವನು ತಿರುಗಿದ್ದು ಹೇಡಿತನವಲ್ಲ. ಗಾಳಿಗೆ ಹತ್ತಿರ ಹೋಗುವ ವಿದ್ಯೆಯ ಕೊನೆಯ ಪಾಠವೇ ಅದು: ಯಾವಾಗ ಬಿಡಬೇಕೆಂಬುದು.

ಇದೆಲ್ಲ ದೂರದ ಸಾಗರಗಳ ಮಾತಾಯಿತು. ಈ ವಿದ್ಯೆ ನಮ್ಮ ಕರಾವಳಿಯವರಿಗೂ ತಿಳಿದದ್ದೇ. ಯಂತ್ರದ ದೋಣಿಗಳು ಬರುವುದಕ್ಕೆ ಮೊದಲು ಪಡುಗಡಲಿನಲ್ಲಿ ಸರಕು ಸಾಗಿಸುತ್ತಿದ್ದವು ಪತ್ತೆಮಾರಿಗಳು. ಮುಂದಕ್ಕೆ ಬಾಗಿದ ಕಂಬ, ಅದಕ್ಕೆ ಓರೆಯಾಗಿ ತೂಗಹಾಕಿದ ಉದ್ದನೆಯ ಮರ, ಅದರಿಂದ ಇಳಿಬಿದ್ದ ಮೂಲೆ ಹಾಯಿ. ಇವುಗಳಿಂದ ಅವನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಮಂಗಳೂರಿನ ಹೆಂಚು ಮುಂಬಯಿಯ ಮನೆಗಳ ಮೇಲೇರಿದ್ದು ಬಹುಪಾಲು ಇಂಥ ದೇಶೀ ನೌಕೆಗಳ ಹೊಟ್ಟೆಯಲ್ಲಿ. ಮಳೆಗಾಲದ ನೈಋತ್ಯ ಮಾರುತದ ಎದುರು ಅವು ಸೆಣಸುತ್ತಿರಲಿಲ್ಲ. ದೋಣಿಗಳನ್ನು ದಡಕ್ಕೆಳೆದು ಮಡಲು ಹೊದಿಸಿ ಕಾಯುತ್ತಿದ್ದರು. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮತ್ತೆ ಪ್ರಯಾಣದ ಯೋಚನೆ. ಮಳೆ ಕಳೆದ ತಿಂಗಳುಗಳಲ್ಲಿ ಮುಂಬಯಿಯ ಕಡೆಗೆ ಹೋಗುವವರಿಗೆ ವಾಯವ್ಯದ ಗಾಳಿ ಎದುರಾಗುತ್ತಿತ್ತು. ಆಗ ಅವರು ಮಾಡುತ್ತಿದ್ದ ಉಪಾಯ ಸೊಗಸಾದುದು. ರಾತ್ರಿಯಿಂದ ಬೆಳಗಿನ ತನಕ ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ತೀರದಿಂದ ದೂರ ಓರೆಯಾಗಿ ಹೋಗುವುದು. ಮಧ್ಯಾಹ್ನ ಕಡಲಗಾಳಿ ಏಳುತ್ತಲೂ ಹಾಯಿಯನ್ನು ಬಿಗಿದು ಗಾಳಿಗೆ ಹತ್ತಿರವಾಗಿ ಮತ್ತೆ ತೀರದ ಕಡೆಗೆ ಬರುವುದು. ದಿನಕ್ಕೊಂದು ಹೊರಹೆಜ್ಜೆ, ಒಂದು ಒಳಹೆಜ್ಜೆ. ಹೀಗೆ ದೋಣಿ ಬಡಗಣಕ್ಕೆ ಏರುತ್ತಿತ್ತು. ಎಲ್ಲಿ ಸೆಣಸಬೇಕು, ಎಲ್ಲಿ ಕಾಯಬೇಕು ಎಂಬ ವಿವೇಕ ಇದರಲ್ಲಿ ಎದ್ದುಕಾಣುತ್ತದೆ.

ಇಂಗ್ಲಿಷ್ ನುಡಿಗಟ್ಟಿಗೆ ಮತ್ತೆ ಬರೋಣ. ನಾವಿಕರ ಮಾತುಗಳು ಹಡಗಿನಿಂದಿಳಿದು ಪೇಟೆಗೆ ಬರುವುದು ಇಂಗ್ಲಿಷಿನಲ್ಲಿ ಬಹುಕಾಲದಿಂದ ನಡೆದುಬಂದ ವ್ಯಾಪಾರ. ‘ಒಟ್ಟಿನಲ್ಲಿ ಹೇಳುವುದಾದರೆ’ ಎಂಬರ್ಥದಲ್ಲಿ ಅವರು ಬಳಸುವ ‘ಬೈ ಅಂಡ್ ಲಾರ್ಜ್’ ಎಂಬುದೂ ಇಂಥದೇ. ‘ಬೈ’ ಎಂದರೆ ಗಾಳಿಗೆ ಎದುರೊತ್ತಿ ಹೋಗುವುದು, ‘ಲಾರ್ಜ್’ ಎಂದರೆ ಗಾಳಿಯನ್ನು ಬೆನ್ನಿಗೆ ಪಡೆದು ಹೋಗುವುದು. ಎರಡು ಬಗೆಯಲ್ಲೂ ಚೆನ್ನಾಗಿ ನಡೆಯುವ ಹಡಗು ಎಲ್ಲ ರೀತಿಯಿಂದಲೂ ಒಳ್ಳೆಯ ಹಡಗು. 1669ರಲ್ಲಿ ಸ್ಯಾಮ್ಯುಯೆಲ್ ಸ್ಟರ್ಮಿ ಎಂಬವನು ಪ್ರಕಟಿಸಿದ ನಾವಿಕರ ಕೈಪಿಡಿಯಲ್ಲಿ ಇದು ಶುದ್ಧ ಹಡಗಿನ ಮಾತಾಗಿಯೇ ಇದೆ. ಗಾಳಿಗೆ ಹತ್ತಿರ ಹೋಗುವ ಮಾತೂ ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರ ನಡತೆಗೆ ಅನ್ವಯಿಸಿ ಬಳಕೆಯಾಗುತ್ತಿತ್ತು. ದಡಕ್ಕೆ ಬಂದಾಗ ಅದರ ಬಣ್ಣ ಬದಲಾಯಿತು. ಕಡಲಲ್ಲಿ ಗಾಳಿಗೆ ಹತ್ತಿರ ಹೋಗುವವನಿಗೆ ಸೇರಬೇಕಾದ ಒಂದು ರೇವಿರುತ್ತದೆ. ಅವನು ಮಾಡುವುದು ಅನಿವಾರ್ಯವಾದ ಸಾಹಸ. ದಡದ ಮೇಲಿನವನಿಗೆ ಬಹಳ ಸಲ ಸುತ್ತುದಾರಿ ಇದ್ದೇ ಇರುತ್ತದೆ. ಅವನು ಅಂಚನ್ನು ಹಿಡಿಯುವುದು ಲಾಭಕ್ಕೋ ಚಪಲಕ್ಕೋ. ಮಾತಿನೊಳಕ್ಕೆ ಶಂಕೆ ನುಸುಳಿದ್ದು ಇದರಿಂದಿರಬೇಕು.

ಆದರೂ ಮಾತಿನ ಒಳಗಿರುವ ಅನುಭವ ಎಲ್ಲರಿಗೂ ಉಪಯೋಗದ್ದೇ. ತಿಂಗಳ ಸಂಬಳದ ಕೊನೆಯ ರೂಪಾಯಿಯವರೆಗೂ ಕಂತು ಗೊತ್ತುಮಾಡಿಕೊಂಡಿರುವ ಸಂಸಾರವನ್ನು ನೀವು ನೋಡಿರಬಹುದು. ಲೆಕ್ಕದಲ್ಲಿ ತಪ್ಪಿಲ್ಲ, ಯಾವ ಕಂತೂ ನಿಂತಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಹಾಸಿಗೆ ಹಿಡಿದರೆಂದರೆ ಲೆಕ್ಕವೆಲ್ಲ ತಲೆಕೆಳಗು. ಬ್ಯಾಂಕು ಕೊಡುವಷ್ಟೂ ಸಾಲ ಪಡೆದು ಅಂಗಡಿ ತುಂಬಿಸಿದ ವ್ಯಾಪಾರಿಗೂ ಹಾಗೆಯೇ. ಒಂದು ಹಂಗಾಮು ಮಳೆ ತಡವಾದರೆ ಸಾಕು. ಇವರು ಗೆರೆ ದಾಟಿದವರಲ್ಲ. ಗೆರೆಯೇ ಕದಲಬಹುದೆಂಬುದನ್ನು ಮರೆತವರು. ಕಾನೂನಿನ ಅಂಚಿನಲ್ಲಿ ನಡೆಯುವವನಿಗೂ ಇದೇ ಮಾತು. ಇಂದು ತಪ್ಪಲ್ಲದ್ದು ನಾಳೆ ಹೊಸ ಕಾಯಿದೆಯಿಂದ ತಪ್ಪಾಗಬಹುದು. ಇಂದು ನಕ್ಕು ಸುಮ್ಮನಾದ ಜನ ನಾಳೆ ಸುಮ್ಮನಿರದೆ ಹೋಗಬಹುದು.

ಹಾಗೆಂದು ಗಾಳಿ ಬಂದಾಗ ಮಾತ್ರ ತೂರಿಕೊಳ್ಳುತ್ತ ಕುಳಿತರೆ ಕೆಲವು ರೇವುಗಳನ್ನು ಎಂದಿಗೂ ಸೇರಲಾಗುವುದಿಲ್ಲ. ಮಗಳನ್ನು ದೂರದ ಊರಿಗೆ ಓದಲು ಕಳಿಸುವುದು, ಇದ್ದ ಕೆಲಸ ಬಿಟ್ಟು ಸ್ವಂತದ ಉದ್ಯೋಗ ಹಿಡಿಯುವುದು, ಹತ್ತು ಜನ ಒಪ್ಪದ ನ್ಯಾಯದ ಮಾತನ್ನು ಆಡುವುದು ಇವೆಲ್ಲ ಎದುರುಗಾಳಿಯ ಪ್ರಯಾಣಗಳೇ. ಅವನ್ನು ಕೈಗೊಳ್ಳುವವರು ಹಳೆಯ ನಾಯಕರ ಅಪ್ಪಣೆಯನ್ನು ಜ್ಞಾಪಕದಲ್ಲಿಟ್ಟುಕೊಂಡರೆ ಸಾಕು: ಗಾಳಿಗೆ ಹತ್ತಿರ ಹೋಗಿ, ಆದರೆ ಹಾಯಿ ತುಂಬಿರಲಿ. ಹಾಯಿಯ ಅಂಚು ಬಡಿದುಕೊಳ್ಳತೊಡಗಿದ ಸದ್ದು ಕೇಳಿದಾಗ ಚುಕ್ಕಾಣಿಯನ್ನು ಒಂದಿಷ್ಟು ಸಡಿಲಿಸುವುದು ಸೋಲಲ್ಲ. ಆ ಸದ್ದನ್ನು ಕೇಳಿಸಿಕೊಳ್ಳುವ ಕಿವಿಯೇ ನಾವಿಕನ ಅರ್ಧ ವಿದ್ಯೆ.